ಎಲ್ಲರ ಕಾಡು

ಮಂಗಳೂರು ನಗರದ ದಕ್ಷಿಣ ಭಾಗದಲ್ಲಿ ಅತ್ತಾವರವಿದೆ. ಒಂದು ಮಗ್ಗುಲಿಗೆ ರೈಲು ನಿಲ್ದಾಣ, ಇನ್ನೊಂದು ಮಗ್ಗುಲಿಗೆ ದೊಡ್ಡ ಆಸ್ಪತ್ರೆ. ನಡುವೆ ಗುಡ್ಡವನ್ನು ಏರಿ ಇಳಿಯುವ ಕಿರಿದಾದ ರಸ್ತೆಗಳು. ಕೆಂಪು ಹಂಚಿನ ಮಾಡು, ಮುರಕಲ್ಲಿನ ಗೋಡೆ, ಹಿತ್ತಿಲಲ್ಲಿ ಒಂದು ಬಾವಿ, ನಾಲ್ಕು ತೆಂಗು, ಒಂದು ಹಲಸು: ಇದು ಒಂದು ಕಾಲದಲ್ಲಿ ಇಲ್ಲಿಯ ಮನೆಗಳ ಲಕ್ಷಣವಾಗಿತ್ತು. ಇಂದು ಅಂಥ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಅವುಗಳ ಸುತ್ತ ಬಹುಮಹಡಿಯ ಕಟ್ಟಡಗಳು ಎದ್ದು ನಿಂತಿವೆ. ಆದರೂ ಮಂಗಳೂರಿನ ಹಳೆಯ ಓಣಿಗಳಲ್ಲಿ ನಡೆದು ಹೋಗುವವನಿಗೆ ಒಮ್ಮೊಮ್ಮೆ ಒಂದು ಅಚ್ಚರಿ ಎದುರಾಗುವುದುಂಟು. ಎರಡು ಕಟ್ಟಡಗಳ ನಡುವೆ, ನಾಲ್ಕು ಮಾರು ಅಗಲದ ಜಾಗದಲ್ಲಿ, ಒಂದು ತುಂಡು ಕಾಡು ನಿಂತಿರುತ್ತದೆ. ಮರಕ್ಕೆ ಮರ ಹೆಣೆದುಕೊಂಡು, ಮರಕ್ಕೆ ಬಳ್ಳಿ ಹಬ್ಬಿಕೊಂಡು, ಮಧ್ಯಾಹ್ನದ ಬಿಸಿಲೂ ನೆಲ ಮುಟ್ಟದಂತೆ ಅದು ದಟ್ಟವಾಗಿರುತ್ತದೆ. ಮರಗಳ ಬುಡದಲ್ಲಿ ಹೆಡೆ ಬಿಚ್ಚಿದ ಹಾವಿನ ರೂಪ ಕೆತ್ತಿದ ಕಲ್ಲುಗಳಿರುತ್ತವೆ. ಅದೇ ನಾಗಬನ.

ತುಳುನಾಡಿನ ಹಳೆಯ ಮನೆತನಗಳಿಗೆ ತಮ್ಮದೇ ಆದ ನಾಗಬನಗಳಿವೆ. ನಾಗರಪಂಚಮಿಯಂದು ಕುಟುಂಬದವರು ಅಲ್ಲಿ ಸೇರಿ ಕಲ್ಲಿಗೆ ಹಾಲು, ಎಳನೀರು ಎರೆದು, ಅರಸಿನ ಹಚ್ಚಿ ಕೈಮುಗಿಯುತ್ತಾರೆ. ಉಳಿದ ದಿನಗಳಲ್ಲಿ ಅಲ್ಲಿಗೆ ಯಾರೂ ಸುಮ್ಮಸುಮ್ಮನೆ ಕಾಲಿಡುವುದಿಲ್ಲ. ಬನದ ಮರವನ್ನು ಕಡಿಯಬಾರದು. ಬಿದ್ದ ಕಡ್ಡಿಯನ್ನೂ ಒಲೆಗೆ ತರಬಾರದು ಎಂಬುದು ಹಿರಿಯರ ಕಟ್ಟುಪಾಡು. ಕೊಡಗಿನಲ್ಲಿ ಇಂಥ ಕಾಡುಗಳನ್ನು ದೇವರಕಾಡುಗಳೆಂದು ಕರೆಯುತ್ತಾರೆ. ಆ ಪುಟ್ಟ ಜಿಲ್ಲೆಯೊಂದರಲ್ಲಿಯೇ 1200ಕ್ಕೂ ಹೆಚ್ಚು ದೇವರಕಾಡುಗಳುಂಟು. ಸುತ್ತಲಿನ ಗುಡ್ಡಗಳು ಬೋಳಾದ ಮೇಲೂ ಈ ತುಂಡು ಕಾಡುಗಳು ಉಳಿದುಬಂದವು. ಅವನ್ನು ಕಾದದ್ದು ಬೇಲಿಯಲ್ಲ, ಕಾವಲುಗಾರನಲ್ಲ, ಭಯಭಕ್ತಿ.

ಅತ್ತಾವರದ ಒಂದು ಮನೆಗೆ ಸೇರಿದ ಇಂಥ ಬನದ ಬಗ್ಗೆ ಒಮ್ಮೆ ಕುಟುಂಬದವರಲ್ಲಿ ಚರ್ಚೆ ಎದ್ದಿತು. ಮರದ ಬೇರು ಪಕ್ಕದ ಆವರಣಗೋಡೆಯನ್ನು ಬಿರಿಯಿಸಿತ್ತು. ಮಳೆಗಾಲದಲ್ಲಿ ಎಲೆ ಬಿದ್ದು ಚರಂಡಿ ಕಟ್ಟಿಕೊಳ್ಳುತ್ತಿತ್ತು. ಮರಗಳನ್ನು ತೆಗೆಸಿ, ನಾಗನ ಕಲ್ಲುಗಳ ಸುತ್ತ ಚೊಕ್ಕಟವಾದ ಕಾಂಕ್ರೀಟು ಕಟ್ಟೆಯೊಂದನ್ನು ಕಟ್ಟಿಸಿಬಿಡೋಣ ಎಂದು ಕೆಲವರು ಸೂಚಿಸಿದರು. ನಗರದಲ್ಲಿ ಅನೇಕ ಬನಗಳು ಈಗಾಗಲೇ ಹೀಗೆ ಕಟ್ಟೆಗಳಾಗಿ ಮಾರ್ಪಟ್ಟಿದ್ದವು. ಆದ್ದರಿಂದ ಈ ಸೂಚನೆ ಯಾರಿಗೂ ವಿಚಿತ್ರವೆನಿಸಲಿಲ್ಲ. ದೀಪಾವಳಿ ಕಳೆದ ಮೇಲೆ ಎಲ್ಲರೂ ಸೇರಿ ತೀರ್ಮಾನಿಸುವುದೆಂದಾಯಿತು.

ಆ ಮನೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುವ ಹುಡುಗನೊಬ್ಬನಿದ್ದ. ಅವನು ಅಜ್ಜಿಯನ್ನು ಕೇಳಿದ: “ನಾಗನ ಕಲ್ಲುಗಳು ಹೇಗೂ ಅಲ್ಲಿಯೇ ಇರುತ್ತವಲ್ಲ ಅಜ್ಜಿ, ಮರ ಕಡಿದರೆ ಏನು ನಷ್ಟ?”

ಅಜ್ಜಿ ಬೆಳ್ತಂಗಡಿಯ ಕಡೆಯ ಹಳ್ಳಿಯಿಂದ ಮದುವೆಯಾಗಿ ಅತ್ತಾವರಕ್ಕೆ ಬಂದವರು. ಅವರು ಮೊಮ್ಮಗನನ್ನು ಗದರಿಸಲಿಲ್ಲ; “ನಾಗನಿಗೆ ಕೋಪ ಬರುತ್ತದೆ” ಎಂದು ಹೆದರಿಸಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾನುವಾರ ಪಿಲಿಕುಳಕ್ಕೆ ಹೋಗಿ ಬರೋಣ ಮಗಾ” ಎಂದರು.

ಪಿಲಿಕುಳವು ಮಂಗಳೂರಿನ ಈಶಾನ್ಯಕ್ಕೆ, ನಗರದಿಂದ ಸುಮಾರು 12 ಕಿಲೋಮೀಟರು ದೂರದಲ್ಲಿದೆ. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ, ‘ಕುಳ’ ಎಂದರೆ ಕೊಳ. ಹಿಂದೆ ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವಾದ್ದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಅತ್ತಾವರದಿಂದ ಹೊರಟವರು ನಂತೂರು, ಕುಲಶೇಖರಗಳನ್ನು ದಾಟಿ ಮೂಡುಬಿದಿರೆಯ ರಸ್ತೆಯಲ್ಲಿ ಸಾಗಬೇಕು. ದಾರಿಯಲ್ಲಿ ಕುಡುಪು ಸಿಗುತ್ತದೆ. ನಾಗಾರಾಧನೆಗೆ ಹೆಸರಾದ ಅನಂತಪದ್ಮನಾಭ ದೇವಾಲಯ ಇರುವುದು ಅಲ್ಲಿಯೇ. ಬಸ್ಸು ಅದರ ಮುಂದೆ ಹಾದಾಗ ಅಜ್ಜಿ ಕುಳಿತಲ್ಲಿಂದಲೇ ಕೈಮುಗಿದರು. ಮುಂದೆ ವಾಮಂಜೂರು, ಅಲ್ಲಿಂದ ಒಳರಸ್ತೆ ಹಿಡಿದರೆ ಪಿಲಿಕುಳ.

ಸುಮಾರು 370 ಎಕರೆಗಳ ಈ ನಿಸರ್ಗಧಾಮ ರೂಪುಗೊಂಡದ್ದು 20ನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಅಲ್ಲಿ ಒಂದು ಸರೋವರವಿದೆ, ಔಷಧೀಯ ಸಸ್ಯಗಳ ತೋಟವಿದೆ, ತುಳುನಾಡಿನ ಗುತ್ತಿನ ಮನೆಯ ಮಾದರಿಯಿದೆ, ವಿಜ್ಞಾನ ಕೇಂದ್ರವಿದೆ. ಅಲ್ಲಿಯ ಮೃಗಾಲಯಕ್ಕೆ ಡಾ. ಶಿವರಾಮ ಕಾರಂತರ ಹೆಸರನ್ನಿಟ್ಟಿದ್ದಾರೆ. ಇದು ಉಚಿತವೇ ಆಗಿದೆ. ಕಾರಂತರು 1943ರಲ್ಲಿ ಪ್ರಕಟವಾದ ‘ಬೆಟ್ಟದ ಜೀವ’ದಲ್ಲಿ ಪಶ್ಚಿಮಘಟ್ಟದ ಕಾಡಿನಂಚಿನ ಬದುಕನ್ನು ಚಿತ್ರಿಸಿದವರು, ಎಂಬತ್ತೇಳರ ಇಳಿವಯಸ್ಸಿನಲ್ಲಿ, 1989ರಲ್ಲಿ, ಪರಿಸರದ ಪ್ರಶ್ನೆಯನ್ನೇ ಜನರ ಮುಂದಿಟ್ಟು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದವರು. ಆ ಚುನಾವಣೆಯಲ್ಲಿ ಅವರು ಗೆಲ್ಲಲಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಉಳಿಯಿತು.

ರಜಾದಿನಗಳಲ್ಲಿ ಜನರೆಲ್ಲ ಮೊದಲು ಮೃಗಾಲಯದ ಕಡೆಗೆ ನಡೆಯುತ್ತಾರೆ. ಹುಲಿ, ಚಿರತೆ, ಕಾಳಿಂಗಸರ್ಪಗಳನ್ನು ನೋಡುವ ಕುತೂಹಲ ಸಹಜವೇ. ಅದರಲ್ಲಿಯೂ ಕಾಳಿಂಗಸರ್ಪಗಳ ಸಂತಾನಾಭಿವೃದ್ಧಿಗೆ ಪಿಲಿಕುಳ ಹೆಸರಾಗಿದೆ. ಹುಡುಗನಿಗೂ ಅತ್ತಲೇ ಹೋಗುವ ಆಸೆ. ಆದರೆ ಅಜ್ಜಿ ಅವನನ್ನು ಮರಗಳಿರುವ ಕಡೆಗೆ ಕರೆದುಕೊಂಡು ಹೋದರು. ಪಶ್ಚಿಮಘಟ್ಟಗಳಲ್ಲಿ ಮಾತ್ರ ಬೆಳೆಯುವ ಅನೇಕ ಜಾತಿಯ ಮರಗಳನ್ನು ಪಿಲಿಕುಳದಲ್ಲಿ ಒಟ್ಟುಗೂಡಿಸಿ ನೆಟ್ಟು ಬೆಳೆಸಿದ್ದಾರೆ. ಇದನ್ನು ಸಸ್ಯಶಾಸ್ತ್ರಜ್ಞರು ವೃಕ್ಷಧಾಮವೆನ್ನುತ್ತಾರೆ. ತಾನಾಗಿ ಹುಟ್ಟಿದ ಕಾಡು ಹೇಗೆ ಬೆಳೆಯುತ್ತದೆ ಎಂಬುದನ್ನು ಮನುಷ್ಯ ನೋಡಿ ಕಲಿತು, ಕೆಂಪು ಮುರಕಲ್ಲಿನ ನೆಲದಲ್ಲಿ ಅದನ್ನು ಮತ್ತೆ ಎಬ್ಬಿಸಲು ಮಾಡಿದ ಪ್ರಯತ್ನವಿದು.

ಮರಗಳ ನಡುವೆ ಬಂದೊಡನೆ ಅಜ್ಜಿಯ ನಡಿಗೆ ಬದಲಾಯಿತು. ಮನೆಯಲ್ಲಿ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದ ಅವರು ಇಲ್ಲಿ ಮರದಿಂದ ಮರಕ್ಕೆ ಹೋಗಿ ತಲೆಯೆತ್ತಿ ನೋಡತೊಡಗಿದರು. “ಇದು ಹೆಬ್ಬಲಸು. ಇದರ ಹಣ್ಣು ಹಲಸಿನಂತೆಯೇ, ಆದರೆ ಮುಷ್ಟಿಯಷ್ಟೇ ಗಾತ್ರ. ಇದು ಧೂಪ. ಇದು ಪುನರ್ಪುಳಿ, ಬೇಸಗೆಯಲ್ಲಿ ಪಾನಕ ಮಾಡುತ್ತೇವಲ್ಲ, ಅದರ ಮರ. ಇದು ರಾಮಪತ್ರೆ.” ಹೆಸರಿನೊಡನೆ ಒಂದೊಂದು ಉಪಯೋಗ, ಒಂದೊಂದು ನೆನಪು. ಹುಡುಗನಿಗೆ ಅದುವರೆಗೆ ಅವೆಲ್ಲವೂ ಬರಿಯ ‘ಮರ’ಗಳಾಗಿದ್ದವು.

ದಾರಿಯ ಪಕ್ಕದಲ್ಲಿ ಒಂದು ಎತ್ತರವಾದ ಮರ ಹೂ ಬಿಟ್ಟು ನಿಂತಿತ್ತು. ಅದರ ಕಂಪು ಸುತ್ತ ಹರಡಿತ್ತು. ಅಜ್ಜಿ ಅದರ ಎಲೆಗಳನ್ನು ತೋರಿಸಿದರು. ಒಂದೇ ಗಿಣ್ಣಿನ ಸುತ್ತ ಐದು, ಆರು, ಏಳು ಎಲೆಗಳು ಛತ್ರಿಯ ಕಡ್ಡಿಗಳಂತೆ ಸುತ್ತುವರಿದಿದ್ದವು.

“ಆಟಿ ಅಮಾವಾಸ್ಯೆಯ ದಿನ ನಿನಗೆ ಕಹಿ ಕಷಾಯ ಕುಡಿಸುತ್ತೇವೆ, ನೆನಪಿದೆಯೆ? ಅದು ಈ ಪಾಲೆಯ ತೊಗಟೆಯದು” ಎಂದರು.

ತುಳುನಾಡಿನವರಿಗೆ ಈ ಆಚರಣೆಯನ್ನು ಹೇಳಿಕೊಡಬೇಕಾಗಿಲ್ಲ. ಆಟಿ ತಿಂಗಳ ಅಮಾವಾಸ್ಯೆಯಂದು, ಎಂದರೆ ಜುಲೈ ಅಥವಾ ಆಗಸ್ಟಿನಲ್ಲಿ, ಸೂರ್ಯ ಹುಟ್ಟುವ ಮೊದಲೇ ಪಾಲೆಯ ಮರದಿಂದ ತೊಗಟೆ ತೆಗೆದು, ಕಷಾಯ ಮಾಡಿ, ಬರಿಹೊಟ್ಟೆಯಲ್ಲಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ತೊಗಟೆಯನ್ನು ಕತ್ತಿಯಿಂದ ಕೆತ್ತುವುದಿಲ್ಲ. ಕಲ್ಲಿನಿಂದ ಜಜ್ಜಿ ಬಿಡಿಸುತ್ತಾರೆ. ಬೇಕಾದಷ್ಟೇ ತೆಗೆಯುತ್ತಾರೆ. ಮರ ಮುಂದಿನ ಆಟಿಗೂ ಇರಬೇಕಲ್ಲವೆ?

ಆದರೆ ಇಲ್ಲಿ ಒಂದು ಅಪಾಯವೂ ಅಡಗಿದೆ. ಗುಡ್ಡದ ಕಾಡುಗಳಲ್ಲಿ ಪಾಲೆಯ ಆಸುಪಾಸಿನಲ್ಲಿಯೇ ಕಾಸರಕದ ಮರವೂ ಬೆಳೆಯುತ್ತದೆ. ತುಳುವಿನಲ್ಲಿ ಅದಕ್ಕೆ ‘ಕಾಯೆರ್’ ಎನ್ನುತ್ತಾರೆ. ಕಾಸರಕ ವಿಷವೃಕ್ಷ, ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವಿದೆ, ತೊಗಟೆಯೂ ವಿಷವೇ. ಕತ್ತಲಲ್ಲಿ ಪಾಲೆಯೆಂದು ಭ್ರಮಿಸಿ ಕಾಸರಕದ ತೊಗಟೆ ತಂದು, ಕಷಾಯ ಕುಡಿದವರು ಅಪಾಯಕ್ಕೆ ಸಿಲುಕಿದ ಸಂದರ್ಭಗಳು ನಡೆದಿವೆ. ಇವೆರಡನ್ನೂ ಬೇರ್ಪಡಿಸುವ ಗುರುತುಗಳು ಸ್ಪಷ್ಟವಾಗಿವೆ. ಪಾಲೆಯ ಎಲೆಗಳು ಸುತ್ತುಸುತ್ತಾಗಿ ಜೋಡಣೆಗೊಂಡಿವೆ. ಗಾಯ ಮಾಡಿದರೆ ಬಿಳಿಯ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡೇ ಇರುತ್ತವೆ, ಎಲೆಯ ಬುಡದಿಂದಲೇ ಎದ್ದುಕಾಣುವ ನರಗಳು ಹೊರಡುತ್ತವೆ, ಹಣ್ಣು ಕಿತ್ತಳೆಯ ಬಣ್ಣದ ಚೆಂಡಿನಂತಿರುತ್ತದೆ, ತೊಗಟೆಯಲ್ಲಿ ಹಾಲಿಲ್ಲ.

“ನನ್ನ ಅಪ್ಪ ಹಿಂದಿನ ದಿನವೇ ಹಗಲಲ್ಲಿ ಹೋಗಿ ಪಾಲೆಯ ಮರಕ್ಕೆ ನೂಲು ಕಟ್ಟಿ ಬರುತ್ತಿದ್ದರು, ಕತ್ತಲಲ್ಲಿ ತಪ್ಪಬಾರದೆಂದು” ಎಂದರು ಅಜ್ಜಿ. “ಆ ಮರದ ಗುರುತು ಸರಿಯಾಗಿದ್ದರೆ ಮದ್ದು, ತಪ್ಪಿದರೆ ವಿಷ. ನಮ್ಮ ಬನದಲ್ಲಿ ಎರಡೂ ಇವೆ. ಯಾವುದು ಯಾವುದು, ಹೇಳು ನೋಡೋಣ?”

ಹುಡುಗನಿಗೆ ಹೇಳಲಾಗಲಿಲ್ಲ. ಹುಟ್ಟಿದಂದಿನಿಂದ ಆ ಮರಗಳ ನೆರಳಿನಲ್ಲಿಯೇ ಬೆಳೆದಿದ್ದರೂ ಅವನು ಅವುಗಳನ್ನು ನೋಡಿರಲಿಲ್ಲ.

ಇನ್ನೂ ಸ್ವಲ್ಪ ಮುಂದೆ ಹೋದ ಮೇಲೆ ಅಜ್ಜಿ ಚೀಲದಿಂದ ನೀರಿನ ಬಾಟಲಿಯನ್ನು ತೆಗೆದರು. ಸ್ವಲ್ಪ ನೀರನ್ನು ಡಾಂಬರು ದಾರಿಯ ಮೇಲೆ ಸುರಿದರು. ಅದು ಕ್ಷಣಾರ್ಧದಲ್ಲಿ ಇಳಿಜಾರಿನ ಕಡೆಗೆ ಹರಿದುಹೋಯಿತು. ಇನ್ನಷ್ಟು ನೀರನ್ನು ಮರದ ಬುಡದಲ್ಲಿ, ತರಗೆಲೆಗಳ ಮೇಲೆ ಸುರಿದರು. ಅದು ಎಲ್ಲಿಗೂ ಹರಿಯಲಿಲ್ಲ. ಎಲೆಗಳ ನಡುವೆ ಇಳಿದು ಮಾಯವಾಯಿತು.

“ಮರ ಕಡಿದರೆ ಏನು ನಷ್ಟ ಎಂದು ಕೇಳಿದೆಯಲ್ಲ. ಮೊದಲನೆಯ ಲೆಕ್ಕ ಇದು” ಎಂದರು.

ಮಂಗಳೂರಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಬೀಳುತ್ತದೆ. ಮರದ ಮೇಲೆ ಬಿದ್ದ ಹನಿಯ ರಭಸವನ್ನು ಎಲೆಗಳು ತಡೆಯುತ್ತವೆ. ನೆಲದ ತರಗೆಲೆಯ ಹಾಸು ಅದನ್ನು ಹೀರುತ್ತದೆ. ಬೇರು ಮಾಡಿಕೊಟ್ಟ ದಾರಿಯಲ್ಲಿ ಅದು ಮುರಕಲ್ಲಿನ ಪದರಗಳೊಳಗೆ ಇಳಿಯುತ್ತದೆ. ತಿಂಗಳುಗಳು ಕಳೆದ ಮೇಲೆ ಕೆಳಗಿನ ಬಾವಿಯಲ್ಲಿ ಒಸರಾಗಿ ಕಾಣಿಸಿಕೊಳ್ಳುತ್ತದೆ. ಕಾಂಕ್ರೀಟಿನ ಮೇಲೆ ಬಿದ್ದ ಹನಿಯಾದರೋ ಚರಂಡಿಗೆ, ಚರಂಡಿಯಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಓಡುತ್ತದೆ. ಇಷ್ಟು ಮಳೆ ಬೀಳುವ ಊರಿಗೂ ನೀರಿನ ಬರ ಬರುವುದುಂಟು. 2016ರ ಬೇಸಗೆಯಲ್ಲಿ ನೇತ್ರಾವತಿ ಬಡವಾಗಿ, ನಗರಕ್ಕೆ ನೀರೊದಗಿಸುವ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೀರು ಇಳಿದಾಗ, ಮಂಗಳೂರಿನ ಮನೆಗಳಿಗೆ ನೀರನ್ನು ಅಳೆದು ಬಿಡಬೇಕಾಯಿತು. ಆಗ ಹಳೆಯ ಹಿತ್ತಿಲ ಬಾವಿಗಳ ಬೆಲೆ ಜನರಿಗೆ ಅರಿವಾಯಿತು.

ನಡೆದು ದಣಿದ ಅಜ್ಜಿ ಮೊಮ್ಮಗ ಇಬ್ಬರೂ ಸರೋವರದ ದಡದಲ್ಲಿ ಕುಳಿತರು. ತಂದ ಅವಲಕ್ಕಿಯನ್ನು ತಿನ್ನುತ್ತ ಹುಡುಗ ಕೇಳಿದ: “ಈ ಕಾಡು ಯಾರದು ಅಜ್ಜಿ?”

“ಟಿಕೆಟು ತೆಗೆದುಕೊಂಡವರೆಲ್ಲರದು” ಎಂದು ಅಜ್ಜಿ ನಕ್ಕರು. ಆಮೇಲೆ ತಮ್ಮ ಬಾಲ್ಯದ ಮಾತು ತೆಗೆದರು. ಅವರ ತವರಿನ ಗದ್ದೆಯ ಮೇಲ್ಗಡೆ ಒಂದು ಗುಡ್ಡವಿತ್ತು. ಅದು ಸರಕಾರದ ನೆಲ. ಆದರೆ ಅದರ ಸೊಪ್ಪು ಅವರದು. ಇದಕ್ಕೆ ‘ಕುಮ್ಕಿ’ ಎಂದು ಹೆಸರು. ದಕ್ಷಿಣ ಕನ್ನಡದಲ್ಲಿ ಪಟ್ಟಾ ಜಮೀನಿನ ಅಂಚಿನಿಂದ 100 ಗಜಗಳವರೆಗಿನ ಸರಕಾರಿ ನೆಲದಲ್ಲಿ ಸೊಪ್ಪು, ತರಗೆಲೆ, ಸೌದೆಗಳನ್ನು ಬೇಸಾಯಕ್ಕೂ ಮನೆವಾರ್ತೆಗೂ ತೆಗೆದುಕೊಳ್ಳುವ ಸವಲತ್ತು ಜಮೀನುದಾರನಿಗೆ ಇತ್ತು. ನೆಲ ಅವನ ಸ್ವತ್ತಲ್ಲ. ಉಪಯೋಗ ಮಾತ್ರ ಅವನದು. ಹೆಣ್ಣುಮಕ್ಕಳು ಬೆಳಗ್ಗೆ ಗುಡ್ಡಕ್ಕೆ ಹೋಗಿ ಕೊಂಬೆ ಸವರಿ ಸೊಪ್ಪು ತರುತ್ತಿದ್ದರು. ಅದು ಹಟ್ಟಿಯಲ್ಲಿ ದನಗಳ ಕಾಲಡಿಗೆ ಹಾಸಿಗೆಯಾಗಿ, ಆಮೇಲೆ ಗೊಬ್ಬರವಾಗಿ ಗದ್ದೆ ಸೇರುತ್ತಿತ್ತು. ಈ ವರ್ಷ ಸವರಿದ ಮರವನ್ನು ಮುಂದಿನ ವರ್ಷ ಮುಟ್ಟದೆ ಚಿಗುರಲು ಬಿಡುತ್ತಿದ್ದರು. ಬುಡ ಕಡಿದರೆ ಮುಂದಿನ ವರ್ಷ ಗದ್ದೆಗೆ ಗೊಬ್ಬರವಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ಬನವನ್ನು ಭಯಭಕ್ತಿ ಕಾಯುತ್ತಿದ್ದರೆ, ಗುಡ್ಡವನ್ನು ಅಗತ್ಯವೇ ಕಾಯುತ್ತಿತ್ತು.

ಕಾಡು ಯಾರದು ಎಂಬ ಹುಡುಗನ ಪ್ರಶ್ನೆ ಹೊಸತಲ್ಲ. ಅದಕ್ಕಾಗಿ ಜನ ಸೆರೆಮನೆ ಸೇರಿದ ಕಾಲವೂ ಉಂಟು. ದಕ್ಷಿಣ ಕನ್ನಡವು ಮದ್ರಾಸು ಆಧಿಪತ್ಯಕ್ಕೆ ಸೇರಿದ್ದಾಗ, 1882ರಲ್ಲಿ, ಮದ್ರಾಸು ಅರಣ್ಯ ಕಾಯಿದೆ ಜಾರಿಗೆ ಬಂದಿತು. ಹಡಗು, ರೈಲುಹಾದಿಗಳಿಗಾಗಿ ಮಿತಿಮೀರಿ ಸಾಗುತ್ತಿದ್ದ ಮರಗಳ ನಾಶಕ್ಕೆ ಅಂಕೆ ಬೇಕಾಗಿತ್ತೆಂಬುದು ನಿಜ. ಆದರೆ ಕಾಯ್ದಿಟ್ಟ ಅರಣ್ಯದೊಳಗೆ ಹಳ್ಳಿಯವರು ಸೊಪ್ಪು ತರುವುದೂ ದನ ಮೇಯಿಸುವುದೂ ಅಪರಾಧವಾಯಿತು. ಮಂಗಳೂರಿನಲ್ಲಿಯೋ, 1865ರಲ್ಲಿ ಬಾಸೆಲ್ ಮಿಶನ್ನಿನವರು ಅತ್ತಾವರದ ಸಮೀಪದ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯನ್ನು ಅನುಸರಿಸಿ ಅನೇಕ ಕಾರ್ಖಾನೆಗಳು ಹುಟ್ಟಿದ್ದವು. ಅವುಗಳ ಗೂಡುಗಳಿಗೆ ಸೌದೆ ಬೇಕೇ ಬೇಕಾಗಿತ್ತು. ಹೀಗೆ ಒಂದೆಡೆ ಕಾಡು ಕರಗುತ್ತಿತ್ತು, ಇನ್ನೊಂದೆಡೆ ಅದರ ಬಾಗಿಲು ಮುಚ್ಚುತ್ತಿತ್ತು. 1932ರಲ್ಲಿ, ಆಗ ದಕ್ಷಿಣ ಕನ್ನಡಕ್ಕೇ ಸೇರಿದ್ದ ಕಾಸರಗೋಡಿನ ಕಾಡಗಂ ಎಂಬಲ್ಲಿ ಜನ ಅರಣ್ಯ ಸತ್ಯಾಗ್ರಹ ನಡೆಸಿದ್ದು ಈ ಹಿನ್ನೆಲೆಯಲ್ಲಿಯೇ.

ವಿಚಿತ್ರವೆಂದರೆ, ಮದ್ರಾಸಿನಲ್ಲಿ ಕಾಡಿನ ಬಾಗಿಲು ಮುಚ್ಚಿದ ಆ 1882ರಲ್ಲಿಯೇ, ಈ ದೇಶವನ್ನು ಆಳುತ್ತಿದ್ದವರ ನಾಡಿನಲ್ಲಿ ಕಾಡೊಂದರ ಬಾಗಿಲು ಜನರಿಗೆ ತೆರೆಯಿತು. ಲಂಡನ್ನಿನ ಈಶಾನ್ಯಕ್ಕೆ ಎಪ್ಪಿಂಗ್ ಎಂಬ ಕಾಡಿದೆ. ವಿಸ್ತಾರ ಸುಮಾರು 6000 ಎಕರೆ. ಅಲ್ಲಿಯ ಹಳ್ಳಿಗರಿಗೆ ಚಳಿಗಾಲದ ತಿಂಗಳುಗಳಲ್ಲಿ ಬೀಚ್ ಮತ್ತು ಹಾರ್ನ್‌ಬೀಮ್ ಮರಗಳ ಕೊಂಬೆಗಳನ್ನು ಸೌದೆಗಾಗಿ ಸವರುವ ಹಕ್ಕು ಪರಂಪರೆಯಿಂದ ಬಂದಿತ್ತು. ಕುಮ್ಕಿಯ ಸೊಪ್ಪಿನಂತೆಯೇ ಇದೂ ಒಂದು. 19ನೆಯ ಶತಮಾನದಲ್ಲಿ ಭೂಮಾಲೀಕರು ಕಾಡಿಗೆ ಬೇಲಿ ಹಾಕತೊಡಗಿದರು. ಲೌಟನ್ ಎಂಬ ಹಳ್ಳಿಯ ಥಾಮಸ್ ವಿಲಿಂಗೇಲ್ ಎಂಬ ಬಡ ಮುದುಕ ಆ ಬೇಲಿಯನ್ನು ಒಪ್ಪದೆ ಕೊಂಬೆ ಸವರುವುದನ್ನು ಮುಂದುವರಿಸಿದ. 1866ರಲ್ಲಿ ಅವನ ಮನೆಯವರು ಸೆರೆಮನೆ ಸೇರಿದರು. ಅವನು ಹೂಡಿದ ದಾವೆ ತೀರುವ ಮೊದಲೇ ಅವನು ತೀರಿಕೊಂಡ.

ಆಮೇಲೆ ಲಂಡನ್ ನಗರಸಭೆ ಮುಂದೆ ಬಂದಿತು. ಅದಕ್ಕೆ ಈ ಕಾಡಿನಲ್ಲಿ ಹಕ್ಕು ಎಲ್ಲಿಂದ ಬಂದಿತು? ನಗರಸಭೆಯು ಸ್ಮಶಾನಕ್ಕಾಗಿ ಕಾಡಿನ ಬಳಿ ಒಂದು ಜಮೀನನ್ನು ಕೊಂಡಿತ್ತು. ಆ ಜಮೀನಿನೊಡನೆ ಕಾಡಿನಲ್ಲಿ ದನ ಮೇಯಿಸುವ ಹಕ್ಕೂ ಬಂದಿತ್ತು! ಆ ಒಂದು ಹಕ್ಕನ್ನು ಹಿಡಿದು 1871ರಲ್ಲಿ ನಗರಸಭೆ ದಾವೆ ಹೂಡಿತು, 1874ರಲ್ಲಿ ಗೆದ್ದಿತು. 1878ರಲ್ಲಿ ಎಪ್ಪಿಂಗ್ ಅರಣ್ಯ ಕಾಯಿದೆಯಾಯಿತು. 1882ರ ಮೇ 6ರಂದು ವಿಕ್ಟೋರಿಯಾ ರಾಣಿ ಅಲ್ಲಿಗೆ ಬಂದು, ಆ ಕಾಡು ಎಂದೆಂದಿಗೂ ಜನರ ಸಂತೋಷಕ್ಕೆ ಮೀಸಲು ಎಂದು ಸಾರಿದಳು. ಅಂದಿನಿಂದ ಇಂದಿನವರೆಗೆ ಯಾರು ಬೇಕಾದರೂ ಅಲ್ಲಿ ನಡೆದಾಡಬಹುದು.

ಈ ಕಥೆಗೆ ಇನ್ನೊಂದು ಮುಖವೂ ಉಂಟು. ಎಲ್ಲರಿಗೂ ನಡೆದಾಡುವ ಹಕ್ಕನ್ನು ಕೊಟ್ಟ ಆ ಕಾಯಿದೆಯೇ ಹಳ್ಳಿಗರ ಕೊಂಬೆ ಸವರುವ ಹಕ್ಕನ್ನು ತೆಗೆದುಹಾಕಿತು. ಬದಲಿಗೆ ಕೊಟ್ಟ ಪರಿಹಾರದ ಹಣದಿಂದ ಲೌಟನ್ನಿನಲ್ಲಿ ಒಂದು ಸಭಾಭವನವನ್ನು ಕಟ್ಟಿದರು. ಕಾಲ ಕಳೆದಂತೆ, ಸವರದೆ ಬಿಟ್ಟ ಮರಗಳ ಕೊಂಬೆಗಳು ಭಾರವಾಗಿ ಬೆಳೆದು, ನೆಲಕ್ಕೆ ಬೆಳಕು ಇಳಿಯದೆ, ಕೆಳಗಿನ ಗಿಡಗಳು ಕ್ಷೀಣಿಸಿದವು. ಈಗ ಕಾಡನ್ನು ನೋಡಿಕೊಳ್ಳುವವರೇ ಕೆಲವೆಡೆ ಕೊಂಬೆ ಸವರಿಸುತ್ತಾರೆ, ದನ ಮೇಯಿಸುತ್ತಾರೆ. ಕಾಡನ್ನು ಬಾಚಿಕೊಳ್ಳುವುದು ತಪ್ಪು; ಆದರೆ ಅದನ್ನು ಅರಿಯದೆ ಸುಮ್ಮನೆ ಬಿಟ್ಟರೆ ಸಾಲದು. ಅಜ್ಜಿಯ ಹಳ್ಳಿಯ ಹೆಣ್ಣುಮಕ್ಕಳಿಗೂ ಥಾಮಸ್ ವಿಲಿಂಗೇಲನಿಗೂ ತಿಳಿದಿದ್ದ ಸತ್ಯ ಇದೇ.

ಎಲ್ಲರದು ಎಂಬ ಮಾತಿಗೆ ಎರಡು ಅರ್ಥಗಳುಂಟು. ‘ನನ್ನದೂ ಹೌದು’ ಎಂಬುದು ಒಂದು. ‘ಯಾರದೂ ಅಲ್ಲ’ ಎಂಬುದು ಇನ್ನೊಂದು. ಎರಡನೆಯ ಅರ್ಥವನ್ನು ಹಿಡಿದವರು ಸಾರ್ವಜನಿಕ ಉದ್ಯಾನಗಳಲ್ಲಿ ಮರದ ತೊಗಟೆಯ ಮೇಲೆ ತಮ್ಮ ಹೆಸರನ್ನು ಕೊರೆಯುತ್ತಾರೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಆ ಪದರವನ್ನು ಸುತ್ತಲೂ ಕಡಿದರೆ ಮರ ಸಾಯುತ್ತದೆ. ಅಷ್ಟಿಷ್ಟು ಕೊರೆದರೂ ಗಾಯದಲ್ಲಿ ಹುಳುವೂ ಬೂಷ್ಟೂ ಮನೆಮಾಡುತ್ತವೆ. ಪಾಲೆಯ ತೊಗಟೆಯನ್ನು ಜಜ್ಜಿ ತೆಗೆದ ಹಿರಿಯರು ಮದ್ದಿಗೆ ಬೇಕಾದಷ್ಟೇ ತೆಗೆದರು. ಹೆಸರು ಕೊರೆದವನಿಗೆ ಸಿಕ್ಕಿದ್ದೇನು?

ಇಂದು ಅಡುಗೆಮನೆಗೆ ಅನಿಲ ಬಂದಿದೆ, ಸೌದೆ ಬೇಕಾಗಿಲ್ಲ. ಗದ್ದೆಗಳು ಕಡಿಮೆಯಾಗಿವೆ, ಸೊಪ್ಪೂ ಬೇಕಾಗಿಲ್ಲ. ಬನದ ಭಯವೂ ಮೊದಲಿನಂತಿಲ್ಲ. ಕಾಡನ್ನು ಕಾಯುತ್ತಿದ್ದ ಭಯ, ಅಗತ್ಯ ಎರಡೂ ಸಡಿಲವಾದ ಮೇಲೆ ಅದನ್ನು ಕಾಯುವವರು ಯಾರು? ಕಾಯಿದೆ ಕಾಯಬಹುದು, ಆದರೆ ಕಾಯಿದೆಗೆ ಎಲ್ಲ ಕಡೆಯೂ ಕಣ್ಣಿಲ್ಲ. ಇನ್ನು ಉಳಿಯುವುದು ಅರಿವು ಒಂದೇ. ಕಾಡನ್ನು ಜನರಿಗೆ ತೆರೆದಿಡುವುದರ ಪ್ರಯೋಜನವೂ ಇದೇ. ಒಳಗೆ ಕಾಲಿಡದವನಿಗೆ ಅದು ಬರಿಯ ಹಸುರು. ನಡೆದು ನೋಡಿದವನಿಗೆ ಅಲ್ಲಿ ಪಾಲೆಯಿದೆ, ಧೂಪವಿದೆ, ಹೆಬ್ಬಲಸು ಇದೆ.

ಸಂಜೆಗೆ ಅಜ್ಜಿ ಮೊಮ್ಮಗ ಅತ್ತಾವರಕ್ಕೆ ಮರಳಿದರು. ಮರುದಿನ ಬೆಳಗ್ಗೆ ಹುಡುಗ ಚಪ್ಪಲಿಯನ್ನು ಹೊರಗೆ ಬಿಟ್ಟು ಬನದ ಅಂಚಿನಲ್ಲಿ ನಿಂತ. ಕೈಯಲ್ಲಿ ನೋಟುಪುಸ್ತಕವಿತ್ತು. ತನಗೆ ಗುರುತಾದ ಮರಗಳನ್ನು ತಾನೇ ಬರೆದುಕೊಂಡ. ಗುರುತಾಗದವನ್ನು ಅಜ್ಜಿಯಲ್ಲಿ ಕೇಳಿದ. ಅಜ್ಜಿಗೂ ಸಂದೇಹವಾದ ಒಂದು ಮರದ ಎಲೆಯನ್ನು ಶಾಲೆಯ ವಿಜ್ಞಾನದ ಅಧ್ಯಾಪಕರಿಗೆ ತೋರಿಸಿ ಹೆಸರು ತಿಳಿದು ಬಂದ. ಒಟ್ಟು ಏಳು ಮರಗಳಾದವು.

ಗೊತ್ತುಮಾಡಿದ ದಿನ ಕುಟುಂಬದವರೆಲ್ಲ ಸೇರಿದರು. ಬಿರಿದ ಗೋಡೆಯ ಮಾತು, ಕಟ್ಟಿಕೊಂಡ ಚರಂಡಿಯ ಮಾತು, ಕಾಂಕ್ರೀಟಿನ ಖರ್ಚಿನ ಮಾತು ಎಲ್ಲವೂ ಆದವು. ಕೊನೆಗೆ ಅಜ್ಜಿ, “ಇವನದೂ ಒಂದು ಪಟ್ಟಿ ಇದೆ, ಕೇಳಿ” ಎಂದರು. ಹುಡುಗ ಎದ್ದು ನಿಂತು ಓದಿದ.

“ಒಂದು, ರೆಂಜೆ, ಹೂವನ್ನು ಅಜ್ಜಿ ದೇವರಿಗೆ ಮಾಲೆ ಕಟ್ಟುತ್ತಾರೆ. ಎರಡು, ಪಾಲೆ, ಆಟಿಯಲ್ಲಿ ನಾವೆಲ್ಲ ಕುಡಿಯುವ ಕಷಾಯ ಇದರದು. ಮೂರು, ಕಾಸರಕ, ಇದು ವಿಷ, ಪಾಲೆಯೆಂದು ತಿಳಿಯಬಾರದು. ನಾಲ್ಕು, ಹೆಬ್ಬಲಸು, ಹಕ್ಕಿಗಳು ಹಣ್ಣಿಗೆ ಬರುತ್ತವೆ. ಐದು, ಸಂಪಿಗೆ. ಆರು, ಕಾಡುಮಾವು, ಇದರ ಮಿಡಿಯ ಉಪ್ಪಿನಕಾಯಿ ಪ್ರತಿವರ್ಷ ಎಲ್ಲರ ಮನೆಗೂ ಹೋಗುತ್ತದೆ. ಏಳು, ಹೊನ್ನೆ, ಗೋಡೆಯನ್ನು ಬಿರಿಯಿಸಿದ್ದು ಇದರ ಬೇರು. ಬಾವಿ ಈ ಏಳು ಮರಗಳ ಕೆಳಗಿನ ಇಳಿಜಾರಿನಲ್ಲಿದೆ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕುಟುಂಬದ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು, “ಸರಿ, ಇವುಗಳಲ್ಲಿ ಯಾವುದನ್ನು ಕಡಿಯೋಣ? ಹೇಳಿ” ಎಂದು ಕೇಳಿದರು.

ಯಾರೂ ಹೇಳಲಿಲ್ಲ. ಗೋಡೆಯನ್ನು ಬೇರಿಗೆ ಒಂದು ಮೊಳ ಎಡೆಬಿಟ್ಟು ಹಿಂದಕ್ಕೆ ಕಟ್ಟುವುದೆಂದೂ, ಮಳೆಗಾಲದಲ್ಲಿ ಚರಂಡಿಯನ್ನು ವಾರಕ್ಕೊಮ್ಮೆ ಸರದಿಯ ಮೇಲೆ ಗುಡಿಸುವುದೆಂದೂ ತೀರ್ಮಾನವಾಯಿತು. ಮೊದಲನೆಯ ಸರದಿ ಹುಡುಗನ ಪಾಲಿಗೆ ಬಂದಿತು.

ಅಭ್ಯಾಸ

ಪದಗಳ ಅರ್ಥ

ಮುರಕಲ್ಲು: ಕರಾವಳಿಯ ಕೆಂಪು ಕಲ್ಲು, ಜಂಬಿಟ್ಟಿಗೆ
ಗುತ್ತಿನ ಮನೆ: ತುಳುನಾಡಿನ ಪ್ರತಿಷ್ಠಿತ ಮನೆತನದ ಮನೆ
ಆಟಿ: ತುಳುವರ ತಿಂಗಳು, ಕರ್ಕಾಟಕ ಮಾಸ
ಸವರು: ಕೊಂಬೆಗಳನ್ನು ಕತ್ತರಿಸು
ಪಟ್ಟಾ ಜಮೀನು: ಒಡೆತನದ ದಾಖಲೆಯುಳ್ಳ ಜಮೀನು
ಒಸರು: ನೆಲದೊಳಗಿಂದ ಜಿನುಗುವ ನೀರು
ಹಟ್ಟಿ: ದನದ ಕೊಟ್ಟಿಗೆ

ಒಂದು ವಾಕ್ಯದಲ್ಲಿ ಉತ್ತರಿಸಿರಿ

1. ‘ಪಿಲಿಕುಳ’ ಎಂಬ ಹೆಸರಿನ ಅರ್ಥವೇನು?
2. ಅಜ್ಜಿಯ ತಂದೆ ಪಾಲೆಯ ಮರಕ್ಕೆ ನೂಲು ಕಟ್ಟುತ್ತಿದ್ದುದೇಕೆ?
3. ಎಪ್ಪಿಂಗ್ ಕಾಡಿನಲ್ಲಿ ಲಂಡನ್ ನಗರಸಭೆಗೆ ಯಾವ ಹಕ್ಕು ಇತ್ತು?

ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ

1. ಪಾಲೆ ಮತ್ತು ಕಾಸರಕದ ಮರಗಳನ್ನು ಗುರುತಿಸುವುದು ಹೇಗೆ?
2. ಕುಮ್ಕಿ ಎಂದರೇನು? ಅದರಿಂದ ರೈತನಿಗೆ ಯಾವ ಪ್ರಯೋಜನವಿತ್ತು?
3. 1882ರಲ್ಲಿ ನಡೆದ ಎರಡು ಘಟನೆಗಳನ್ನು ಹೋಲಿಸಿರಿ.
4. ‘ಎಲ್ಲರದು’ ಎಂಬ ಮಾತಿನ ಎರಡು ಅರ್ಥಗಳನ್ನು ವಿವರಿಸಿರಿ.

ಮಾಡಿ ನೋಡಿರಿ

ನಿಮ್ಮ ಮನೆಯ ಅಥವಾ ಶಾಲೆಯ ಸುತ್ತಲಿನ ಏಳು ಮರಗಳ ಹೆಸರನ್ನು ಹಿರಿಯರಿಂದ ಕೇಳಿ ತಿಳಿದು, ಪ್ರತಿಯೊಂದರ ಗುರುತನ್ನೂ ಉಪಯೋಗವನ್ನೂ ಬರೆಯಿರಿ.